ಟ್ಯಾಕಲ್ ಆದಮೇಲೆ ‘ತಪ್ಪು ಯಾರದ್ದು?’: ಕಂಠೀರವದ ಆ ಫೈನಲ್ ಮತ್ತು ನಮ್ಮ ವಾಟ್ಸ್‌ಆ್ಯಪ್ ಗ್ರೂಪು

ಇವತ್ತಿನ ಎಪಿಸೋಡ್ ನಾನು ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತೆ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ, ಜೆ.ಪಿ. ನಗರದ ಒಂದು ಟರ್ಫ್‌ನಲ್ಲಿ ನಾವು ಹತ್ತು ಜನ ಆಡ್ತಾ ಇದ್ವಿ. ಜಯನಗರ, ಬನಶಂಕರಿ ಕಡೆಯ ಹಳೇ ಗ್ಯಾಂಗು, ಜೊತೆಗೆ ಬಿಟಿಎಂನ ಪಿಜಿಯಿಂದ ಹೊಸದಾಗಿ ಬಂದ ಇಪ್ಪತ್ತು ವರ್ಷದ ಒಬ್ಬ ಹುಡುಗ. ಮಳೆ ಬಂದು ನಿಂತಿತ್ತು, ನೆಲ ಇನ್ನೂ ಒದ್ದೆ. ಆ ಹುಡುಗ ಸ್ಲೈಡ್ ಮಾಡಿದ, ನನ್ನ ಸ್ನೇಹಿತ ಬಿದ್ದ, ಒಂದು ಸದ್ದು ಬಂತು. ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು.

ಟರ್ಫ್‌ನಲ್ಲಿ ಸ್ಟ್ರೆಚರ್ ಇರಲಿಲ್ಲ, ಐಸ್ ಇರಲಿಲ್ಲ. ನಾಲ್ಕು ಜನ ಸೇರಿ ಅವನನ್ನ ಎತ್ತಿ ಆಟೋದಲ್ಲಿ ಕೂರಿಸಿದ್ವಿ. ಹಾಗೆ ಮಾಡಬಾರದಿತ್ತು ಅಂತ ಆಮೇಲೆ ಗೊತ್ತಾಯ್ತು. ಆಸ್ಪತ್ರೆಯ ಬೆಂಚ್ ಮೇಲೆ ಕೂತು ನಾನು ಮಾಡಿದ್ದು ಏನು ಗೊತ್ತಾ? ಒಬ್ಬನ ಫೋನಲ್ಲಿ ರೆಕಾರ್ಡ್ ಆಗಿದ್ದ ವಿಡಿಯೋ ತಗೊಂಡೆ. ಏಳು ಸೆಕೆಂಡ್ ಕಟ್ ಮಾಡಿದೆ. ಸ್ಲೋ ಮೋಷನ್‌ಗೆ ಹಾಕಿದೆ. ‘ಇವನ ಕೆಲಸ ನೋಡಿ’ ಅಂತ ಬರೆದು ಗ್ರೂಪಿಗೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಅದು ಇನ್ನೂ ಮೂರು ಗ್ರೂಪಿಗೆ ಹೋಗಿತ್ತು. ರಾತ್ರಿ ಹನ್ನೆರಡಕ್ಕೆ ಆ ಹುಡುಗ ಗ್ರೂಪಿಂದ ಎಕ್ಸಿಟ್ ಆದ.

ಮೂರು ದಿನ ಆದಮೇಲೆ ಪೂರ್ತಿ ವಿಡಿಯೋ ನೋಡಿದೆ. ಅವನ ಕಾಲು ಮೊದಲು ತಾಗಿದ್ದು ಚೆಂಡಿಗೆ. ಆಮೇಲೆ ಒದ್ದೆ ನೆಲದ ಮೇಲೆ ಜಾರಿದ್ದಾನೆ. ನಾನು ಕಟ್ ಮಾಡಿದ ಏಳು ಸೆಕೆಂಡಲ್ಲಿ ಆ ಚೆಂಡೇ ಇರಲಿಲ್ಲ.

ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೀತಾ ಇದೆ. ಮೈದಾನದಲ್ಲಿ ಯಾರಿಗಾದ್ರೂ ದೊಡ್ಡ ಪೆಟ್ಟಾದ ತಕ್ಷಣ ನಮಗೆಲ್ಲ ಒಬ್ಬ ವಿಲನ್ ಯಾಕೆ ಬೇಕಾಗ್ತಾನೆ? ಇದಕ್ಕೆ ಉತ್ತರ ಹುಡುಕೋಕೆ ನಾವು ಇಂಗ್ಲೆಂಡಿಗೂ ಹೋಗಬೇಕು, ನಮ್ಮದೇ ಕಂಠೀರವ ಸ್ಟೇಡಿಯಂಗೂ ಹೋಗಬೇಕು. ಮೊದಲು ಕಂಠೀರವ.

2004ರ ಡಿಸೆಂಬರ್ 5

ಬನಶಂಕರಿಯಲ್ಲಿ ಗ್ರೀನ್ ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದ್ರೆ ಸ್ವಲ್ಪ ದೂರದ ನಡಿಗೆ. ಬೆಂಗಳೂರು ಎಫ್‌ಸಿ ಮ್ಯಾಚ್ ನೋಡೋಕೆ ನಮ್ಮಲ್ಲಿ ಎಷ್ಟೋ ಜನ ಹೋಗಿರೋ ಜಾಗ ಅದು. ಅಲ್ಲಿ 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್ ನಡೀತು. ಗೋವಾದ ಡೆಂಪೊ, ಕೋಲ್ಕತ್ತದ ಮೋಹನ್ ಬಾಗಾನ್.

ಡೆಂಪೊ ತಂಡದಲ್ಲಿ ಕ್ರಿಸ್ಟಿಯಾನೊ ಜೂನಿಯರ್ ಅಂತ ಬ್ರೆಜಿಲ್‌ನ ಸ್ಟ್ರೈಕರ್ ಇದ್ದರು. ವಯಸ್ಸು 25. ಅದರ ಹಿಂದಿನ ಸೀಸನ್‌ನಲ್ಲಿ ಈಸ್ಟ್ ಬೆಂಗಾಲ್ ಪರ ಆಡಿ 15 ಗೋಲು ಹೊಡೆದು ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಟಾಪ್ ಸ್ಕೋರರ್ ಆಗಿದ್ದವರು. ಎದುರು ಮೋಹನ್ ಬಾಗಾನ್ ಗೋಲ್‌ನಲ್ಲಿ ಹದಿನೆಂಟರ ಆಸುಪಾಸಿನ ಹುಡುಗ, ಸುಬ್ರತಾ ಪಾಲ್.

ಮೊದಲ ಗೋಲು ಜೂನಿಯರ್ ಅವರದ್ದು. ಎರಡನೆಯದಕ್ಕೂ ಅವರೇ ಚೆಂಡಿನ ಹಿಂದೆ ಓಡಿದರು, ಪಾಲ್ ಮುಂದೆ ನುಗ್ಗಿ ಬಂದರು, ಇಬ್ಬರೂ ಡಿಕ್ಕಿ ಹೊಡೆದರು. ಚೆಂಡು ಗೋಲಿಗೆ ಹೋಯ್ತು. ಹೊಡೆದವರು ಮಾತ್ರ ಸಂಭ್ರಮಿಸೋಕೆ ಏಳಲಿಲ್ಲ. ಮೈದಾನದಲ್ಲೇ ಕುಸಿದ ಅವರನ್ನ ಆಸ್ಪತ್ರೆಗೆ ಸಾಗಿಸಲಾಯಿತು, ಜೀವ ಉಳಿಯಲಿಲ್ಲ. ಸಾವಿಗೆ ಕಾರಣ ಹೃದಯ ಸ್ತಂಭನ ಅಂತ ವರದಿಯಾಯಿತು. ಡೆಂಪೊ 2–0ಯಿಂದ ಕಪ್ ಗೆದ್ದಿತ್ತು.

ಅಲ್ಲಿಂದ ಎರಡು ಮಾತುಕತೆ ಒಟ್ಟಿಗೇ ಶುರುವಾಯ್ತು. ಒಂದು: ಗೋಲ್‌ಕೀಪರ್ ಮಾಡಿದ್ದು ಸರಿಯಾ? ಎರಡು: ಇಷ್ಟು ದೊಡ್ಡ ಪಂದ್ಯಕ್ಕೆ ವೈದ್ಯಕೀಯ ಸಿದ್ಧತೆ ಸಾಕಷ್ಟಿತ್ತಾ? ಪ್ರಶ್ನೆಗಳು ಎರಡೂ ನ್ಯಾಯವಾದವೇ. ಆದರೆ ಮೊದಲನೆಯದಕ್ಕೆ ಒಂದು ಮುಖ ಇತ್ತು, ಹೆಸರಿತ್ತು, ಟೀವಿಯಲ್ಲಿ ತಿರುಗಿಸಿ ತಿರುಗಿಸಿ ತೋರಿಸೋಕೆ ದೃಶ್ಯ ಇತ್ತು. ಎರಡನೆಯದಕ್ಕೆ ಅದ್ಯಾವುದೂ ಇರಲಿಲ್ಲ. ಇಲ್ಲದ ಸಲಕರಣೆಯನ್ನ ಕ್ಯಾಮೆರಾದಲ್ಲಿ ತೋರಿಸೋದು ಹೇಗೆ?

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಪಾಲ್‌ಗೆ ಎರಡು ತಿಂಗಳ ನಿಷೇಧ ಹಾಕಿತು. ಡೆಂಪೊ ತನ್ನ 10ನೇ ನಂಬರ್ ಜೆರ್ಸಿಯನ್ನ ಜೂನಿಯರ್ ನೆನಪಿಗೆ ಬಿಟ್ಟುಕೊಟ್ಟಿತು, ಆ ಸೀಸನ್‌ನ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು. ನಿಷೇಧ ಮುಗಿಯೋಕೆ ಎರಡು ತಿಂಗಳು ಸಾಕಾಯ್ತು, ಹೆಸರಿಗೆ ಅಂಟಿದ್ದು ಹೋಗೋಕೆ ಅಷ್ಟು ಸಾಕಾಗಲಿಲ್ಲ. ಇದೇ ಪಾಲ್ 2009ರ ನೆಹರೂ ಕಪ್ ಫೈನಲ್‌ನಲ್ಲಿ ಸಿರಿಯಾ ವಿರುದ್ಧ ಪೆನಾಲ್ಟಿಗಳನ್ನ ತಡೆದು ಭಾರತಕ್ಕೆ ಕಪ್ ಗೆಲ್ಲಿಸಿದರು. 2011ರ ಏಷ್ಯನ್ ಕಪ್‌ನಲ್ಲಿ ‘ಸ್ಪೈಡರ್‌ಮ್ಯಾನ್’ ಅನ್ನಿಸಿಕೊಂಡರು. 2016ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆದರೂ ಅವರ ಬಗ್ಗೆ ಯಾರೇ ಬರೆದ್ರೂ ಆ ಬೆಂಗಳೂರಿನ ಫೈನಲ್ ಎಲ್ಲೋ ಒಂದು ಪ್ಯಾರಾದಲ್ಲಿ ಬಂದೇ ಬರುತ್ತೆ. ನಾನೂ ಈಗ ಅದನ್ನೇ ಮಾಡಿದೆ ನೋಡಿ.

ನಿಯಮ ಏನು ಹೇಳುತ್ತೆ?

ಫುಟ್‌ಬಾಲ್ ನಿಯಮಾವಳಿಯ 12ನೇ ನಿಯಮ ಟ್ಯಾಕಲ್‌ಗಳನ್ನ ಮೂರು ಮಟ್ಟದಲ್ಲಿ ಅಳೆಯುತ್ತೆ. ಅಜಾಗರೂಕತೆಯಿಂದ ಆದ ಫೌಲ್‌ಗೆ ಬರೀ ಫ್ರೀ ಕಿಕ್. ಎದುರಾಳಿಗೆ ಅಪಾಯ ಆಗಬಹುದು ಅನ್ನೋದನ್ನ ಲೆಕ್ಕಿಸದೆ ದುಡುಕಿದರೆ ಯೆಲ್ಲೋ ಕಾರ್ಡ್. ಅತಿಯಾದ ಬಲ ಹಾಕಿದ್ರೆ, ಎದುರಾಳಿಯ ಸುರಕ್ಷತೆಗೇ ಕುತ್ತು ತಂದ್ರೆ ರೆಡ್ ಕಾರ್ಡ್. ಈ ಮೂರರಲ್ಲಿ ಎಲ್ಲೂ ‘ಮೂಳೆ ಮುರಿದ್ರೆ’ ಅನ್ನೋ ಮಾತಿಲ್ಲ. ರೆಫರಿ ಅಳೆಯಬೇಕಾದ್ದು ಟ್ಯಾಕಲನ್ನ. ಪೆಟ್ಟಿನ ಅಳತೆ ಡಾಕ್ಟರ್ ಕೆಲಸ.

ನಾನು ಬಿ.ಕಾಂ. ಓದಿದವನು. ಆಡಿಟಿಂಗ್‌ನಲ್ಲಿ ತಲೆಗೆ ಹತ್ತಿದ್ದು ಒಂದೇ ವಿಷಯ: ಕಂಪನಿಗೆ ನಷ್ಟ ಆಯ್ತು ಅಂದ್ರೆ ಯಾರೋ ಮೋಸ ಮಾಡಿದ್ರು ಅಂತ ಅರ್ಥ ಅಲ್ಲ. ಲಾಭ ಬಂತು ಅಂದ್ರೆ ಲೆಕ್ಕ ಶುದ್ಧವಾಗಿದೆ ಅಂತಲೂ ಅಲ್ಲ. ವೋಚರ್ ತೆಗೆದು ನೋಡಬೇಕು. ಟ್ಯಾಕಲ್ ಕೂಡ ಹಾಗೇ. ತುಂಬಾ ಕೆಟ್ಟ ಟ್ಯಾಕಲ್‌ನಿಂದ ಒಬ್ಬ ಎದ್ದು ಮಣ್ಣು ಕೊಡವಿಕೊಂಡು ಓಡಬಹುದು. ಸಾಮಾನ್ಯ ಟ್ಯಾಕಲ್‌ನಲ್ಲಿ ಕಾಲು ನೆಲಕ್ಕೆ ಸಿಕ್ಕಿಕೊಂಡು ಮುರೀಬಹುದು. ಮೊದಲನೆಯದನ್ನ ನಾವು ಮರೀತೀವಿ, ಎರಡನೆಯದಕ್ಕೆ ಅಪರಾಧಿ ಹುಡುಕ್ತೀವಿ.

ರೆಫರಿಗಳೂ ಇದರಲ್ಲಿ ಎಡವುತ್ತಾರೆ. 2019ರ ನವೆಂಬರ್ 3, ಎವರ್ಟನ್–ಟಾಟನ್‌ಹ್ಯಾಮ್ ಪಂದ್ಯ. ಸನ್ ಹ್ಯುಂಗ್-ಮಿನ್ ಹಿಂದಿನಿಂದ ಟ್ಯಾಕಲ್ ಮಾಡಿದರು, ಆಂಡ್ರೆ ಗೋಮೆಸ್ ಮುಗ್ಗರಿಸಿ ಬಿದ್ದರು, ಪಾದದ ಕೀಲು ತಿರುಚಿ ಮುರಿಯಿತು. ರೆಫರಿ ಮಾರ್ಟಿನ್ ಅಟ್ಕಿನ್ಸನ್ ಮೊದಲು ಯೆಲ್ಲೋ ತೋರಿಸಲು ಹೊರಟರು. ಗೋಮೆಸ್ ಕಾಲಿನ ಸ್ಥಿತಿ ಕಂಡಮೇಲೆ ಅದು ರೆಡ್ ಆಯ್ತು. ಎರಡು ದಿನ ಬಿಟ್ಟು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆ ರೆಡ್ ಕಾರ್ಡನ್ನ ರದ್ದು ಮಾಡಿತು. ಟ್ಯಾಕಲ್ ಅದೇ. ಬದಲಾಗಿದ್ದು ನೋಡಿದವರ ಎದೆಬಡಿತ ಅಷ್ಟೇ.

ಅವತ್ತಿನ ಇನ್ನೊಂದು ದೃಶ್ಯ ನನಗೆ ಇಷ್ಟ. ಅಳುತ್ತಾ ಹೊರಹೋದ ಸನ್‌ಗೆ ಸಮಾಧಾನ ಹೇಳೋಕೆ ಎದುರಾಳಿ ಡ್ರೆಸ್ಸಿಂಗ್ ರೂಮಿಗೆ ಹೋದದ್ದು ಎವರ್ಟನ್ ನಾಯಕ ಶೇಮಸ್ ಕೋಲ್‌ಮನ್. 2017ರಲ್ಲಿ ಐರ್ಲೆಂಡ್ ಪರ ಆಡುವಾಗ ಅವರದ್ದೇ ಕಾಲು ಒಂದು ಟ್ಯಾಕಲ್‌ನಲ್ಲಿ ಮುರಿದಿತ್ತು.

ಮೀಡಿಯಾ, ಸ್ಲೋ ಮೋಷನ್, ಮತ್ತು ನಾವು

ಹಾಗಂತ ಟ್ಯಾಕಲ್ ಮಾಡಿದವನದ್ದು ಯಾವತ್ತೂ ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ. 2008ರ ಫೆಬ್ರವರಿ 23ರಂದು ಬರ್ಮಿಂಗ್‌ಹ್ಯಾಮ್‌ನ ಮಾರ್ಟಿನ್ ಟೇಲರ್ ಮಾಡಿದ ಟ್ಯಾಕಲ್‌ಗೆ ಆರ್ಸೆನಲ್‌ನ ಎಡ್ವಾರ್ಡೊ ಕಾಲು ಮುರಿಯಿತು. ಅದಕ್ಕೆ ರೆಡ್ ಕಾರ್ಡ್ ಸಿಕ್ಕಿದ್ದು ಸರಿಯೇ. ಆದರೆ ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್, ಪಂದ್ಯ ಮುಗಿದ ಬಿಸಿಯಲ್ಲಿ, ಟೇಲರ್ ಮತ್ತೆ ಫುಟ್‌ಬಾಲ್ ಆಡಲೇಬಾರದು ಅನ್ನೋ ಅರ್ಥದ ಮಾತಾಡಿದರು. ಅವತ್ತೇ ಅದು ಅತಿಯಾಯ್ತು ಅಂತ ಹಿಂತೆಗೆದುಕೊಂಡರು. ಹೆಡ್‌ಲೈನ್ ಆಗಿದ್ದು ಮೊದಲ ಮಾತು. ಟೇಲರ್‌ಗೆ ಬೆದರಿಕೆಗಳು ಬಂದವು. ಫೌಲ್‌ಗೆ ಶಿಕ್ಷೆ ಮೂರು ಪಂದ್ಯ. ಅದರಾಚೆಗಿನ ಶಿಕ್ಷೆ ಕೊಟ್ಟಿದ್ದು ಜನ. ಎಡ್ವಾರ್ಡೊ ಸುಮಾರು ಒಂದು ವರ್ಷದ ನಂತರ ವಾಪಸ್ ಬಂದು ಎರಡು ಗೋಲು ಹೊಡೆದರು.

ಅವತ್ತು ಹೆಡ್‌ಲೈನ್ ಬರೆಯೋಕೆ ಪತ್ರಿಕೆ ಬೇಕಿತ್ತು. ಈಗ ಆ ಕೆಲಸ ಮಾಡೋಕೆ ನಾನೊಬ್ಬ ಸಾಕು, ನಿಮ್ಮ ಕೈಯಲ್ಲಿರೋ ಫೋನೊಂದು ಸಾಕು. ಅದರಲ್ಲೂ ಸ್ಲೋ ಮೋಷನ್ ಇದೆಯಲ್ಲ, ಅದು ಬಹಳ ಮೋಸದ ವಸ್ತು. 2016ರಲ್ಲಿ ಅಮೆರಿಕದ ‘ಪಿಎನ್‌ಎಎಸ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಒಂದೇ ಘಟನೆಯನ್ನ ನಿಧಾನಗತಿಯಲ್ಲಿ ನೋಡಿದವರಿಗೆ ಅದು ಹೆಚ್ಚು ಉದ್ದೇಶಪೂರ್ವಕವಾಗಿ ಕಂಡಿತು. ಕಾರಣ ಸರಳ: ವಿಡಿಯೋ ನಿಧಾನ ಆದ್ರೆ, ಅವನಿಗೆ ಯೋಚಿಸೋಕೆ ಟೈಮ್ ಇತ್ತು ಅಂತ ನಮ್ಮ ಮೆದುಳು ಅಂದುಕೊಳ್ಳುತ್ತೆ. ನಿಜದಲ್ಲಿ ಅವನ ಹತ್ರ ಇದ್ದಿದ್ದು ಅರ್ಧ ಸೆಕೆಂಡು. ನಾನು ನಾಲ್ಕು ಸೆಕೆಂಡ್ ಮಾಡಿ ತೋರಿಸಿದೆ.

ವಿಲನ್ ಇಲ್ಲದಿದ್ದಾಗ ಏನಾಗುತ್ತೆ?

2021ರ ಜೂನ್ 12, ಕೋಪನ್‌ಹೇಗನ್. ಯೂರೋ ಕಪ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಯಾರೂ ಮುಟ್ಟದೆಯೇ ಕುಸಿದರು. ಹೃದಯ ಸ್ತಂಭನ. ನಾಯಕ ಸೈಮನ್ ಕ್ಯಾರ್ ಓಡಿಬಂದರು, ವೈದ್ಯರು ಸಿಪಿಆರ್ ಕೊಟ್ಟರು, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟು ಹೃದಯ ಮತ್ತೆ ಬಡಿಯುವಂತೆ ಮಾಡಿದರು. ಮುಂದಿನ ವರ್ಷ ಎರಿಕ್ಸನ್ ಬ್ರೆಂಟ್‌ಫೋರ್ಡ್ ಪರ ಆಡಿದರು.

ಗಮನಿಸಿ: ಅಲ್ಲಿ ಬೈಯೋಕೆ ಯಾರೂ ಇರಲಿಲ್ಲ. ಹಾಗಾಗಿ ಜಗತ್ತೆಲ್ಲ ಸಿಪಿಆರ್ ಬಗ್ಗೆ, ಶಾಕ್ ಕೊಡೋ ಯಂತ್ರದ ಬಗ್ಗೆ, ಮೊದಲ ಕೆಲವು ನಿಮಿಷಗಳ ಬಗ್ಗೆ ಮಾತಾಡಿತು. ಕಂಠೀರವದಲ್ಲಿ ಬೈಯೋಕೆ ಒಬ್ಬ ಹುಡುಗ ಸಿಕ್ಕಿದ್ದ. ಆ ಮಾತಿನ ಅರ್ಧ ಭಾಗ ಅವನ ಮೇಲೇ ಖರ್ಚಾಯ್ತು.

ಹೃದಯ ನಿಂತಾಗ ಲೆಕ್ಕ ಕಠಿಣ. ಸಿಪಿಆರ್ ಇಲ್ಲದೆ, ಶಾಕ್ ಸಿಗದೆ ಕಳೆಯೋ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತೆ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಗಿದ್ದೇ 2008ರಲ್ಲಿ. ಈಗ ಆ ನಂಬರ್ ಎಲ್ಲರಿಗೂ ಗೊತ್ತು. ಆದ್ರೆ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ದಾಟಿ ಬಿಟಿಎಂಗೆ ಬರೋ ಆಂಬುಲೆನ್ಸ್‌ಗೆ ಎಷ್ಟು ನಿಮಿಷ ಬೇಕು ಅಂತ ನಿಮಗೇ ಗೊತ್ತು. ಅದು ಬರೋ ತನಕ ಮೈದಾನದಲ್ಲಿ ಇರೋದು ನಾವೇ.

ಅದಕ್ಕೆ ಇಷ್ಟಾದ್ರೂ ತಿಳ್ಕೊಳ್ಳಿ. ಬಿದ್ದವನಿಗೆ ಪ್ರಜ್ಞೆ ಇಲ್ಲ, ಸಹಜವಾಗಿ ಉಸಿರಾಡ್ತಿಲ್ಲ ಅಂದ್ರೆ ಒಬ್ಬ 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬ ಎದೆಯ ಮಧ್ಯದಲ್ಲಿ ಎರಡೂ ಕೈ ಇಟ್ಟು ಒತ್ತಲಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ. ಮೂಳೆ ಮುರಿದಿದ್ರೆ ನೆಟ್ಟಗೆ ಮಾಡೋಕೆ ಹೋಗಬೇಡಿ, ಎಳೀಬೇಡಿ, ನಾವು ಮಾಡಿದ ಹಾಗೆ ಎತ್ತಿ ಆಟೋಗೆ ತುಂಬಬೇಡಿ. ಕಾಲು ಅಲ್ಲಾಡದ ಹಾಗೆ ಆಧಾರ ಕೊಟ್ಟು ಸಹಾಯಕ್ಕೆ ಕಾಯಿರಿ. ಟರ್ಫ್ ಬುಕ್ ಮಾಡುವಾಗ ಗಂಟೆಗೆ ಎಷ್ಟು ಅಂತ ಕೇಳ್ತೀವಲ್ಲ, ಅದರ ಜೊತೆಗೆ ಫಸ್ಟ್ ಏಡ್ ಏನಿದೆ ಅಂತಲೂ ಕೇಳಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವನಿಗೆ ಒಂದು ಸ್ಟ್ರೆಚರ್ ಇರುತ್ತೆ.

ಆಮೇಲೆ ವಿಡಿಯೋ. ಫಾರ್ವರ್ಡ್ ಮಾಡೋ ಮುಂಚೆ ಮೂರು ವಿಷಯ ನೋಡಿ: ಚೆಂಡು ಎಲ್ಲಿದೆ, ವಿಡಿಯೋ ನಿಜವಾದ ಸ್ಪೀಡಲ್ಲಿದೆಯಾ, ಬಿದ್ದವನು ಎದ್ದು ಓಡಿದ್ದಿದ್ರೆ ಇದೇ ಟ್ಯಾಕಲ್‌ಗೆ ನೀವು ಇಷ್ಟೇ ಕೋಪ ಮಾಡ್ಕೋತಿದ್ರಾ.

ನನ್ನ ಸ್ನೇಹಿತನ ಕಾಲಿಗೆ ರಾಡ್ ಹಾಕಿದ್ದಾರೆ, ವಾಕರ್ ಹಿಡಿದು ಓಡಾಡ್ತಿದ್ದಾನೆ. ಅವನೇ ಮೊದಲು ಆ ಹುಡುಗನಿಗೆ ಫೋನ್ ಮಾಡಿದ್ದು, ನಾನಲ್ಲ. ನಾನು ಒಂದು ವಾರ ಬಿಟ್ಟು ಮಾಡಿದೆ. ಪೂರ್ತಿ ವಿಡಿಯೋವನ್ನ ಗ್ರೂಪಿಗೆ ಹಾಕಿ, ತಪ್ಪು ನನ್ನದು ಅಂತ ಬರೆದೆ. ನಾಲ್ಕು ಜನ ಥಂಬ್ಸ್ ಅಪ್ ಒತ್ತಿದರು. ಬೇರೆ ಮೂರು ಗ್ರೂಪಿಗೆ ಹೋದ ಆ ಏಳು ಸೆಕೆಂಡನ್ನ ವಾಪಸ್ ತರೋಕೆ ನನ್ನ ಕೈಲಾಗಲಿಲ್ಲ.

‘ಪರವಾಗಿಲ್ಲ ಅಣ್ಣ’ ಅಂದ ಫೋನಲ್ಲಿ. ಭಾನುವಾರದ ಆಟಕ್ಕೆ ಮಾತ್ರ ಅವನು ಇನ್ನೂ ಬಂದಿಲ್ಲ. ಹತ್ತನೆಯವನ ಜಾಗ ಖಾಲಿ ಇಟ್ಕೊಂಡೇ ಬುಕ್ ಮಾಡ್ತಿದ್ದೀವಿ.

ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ.