ಎಚ್‌ಐವಿ ತಪಾಸಣೆಯಲ್ಲಿ ಕೇಳದ ಪ್ರಶ್ನೆ

2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಸುತ್ತಿನ ಸಾವಿರಾರು ಮಂದಿಗೆ ಆಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗುವ ರೈಲೇ ಅನ್ನದ ದಾರಿಯಾಯಿತು. ಗಂಡನಿಗೆ ಕೆಲಸವಿಲ್ಲ, ಕುಡಿತವಿದೆ, ಸಂಜೆಯಾದರೆ ಏಟು. ಇಂಥ ಸಂಸಾರ ಗಣಿಯೂರಿನಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಉಂಟು. ಆ ಮನೆಯ ಹೆಂಗಸು ಎಚ್‌ಐವಿ ಪರೀಕ್ಷೆಗೆ ಬಂದರೆ ರಕ್ತ ತೆಗೆದುಕೊಂಡರಷ್ಟೇ ಸಾಲದು ಎನ್ನುತ್ತದೆ ವಿಜ್ಞಾನ.

ಅಮಲು, ಹಿಂಸೆ, ಏಡ್ಸ್ ಮೂರೂ ಒಂದನ್ನೊಂದು ಬೆಳೆಸುತ್ತವೆ ಎಂದು 1990ರ ದಶಕದಲ್ಲಿ ಹೇಳಿದವರು ಅಮೆರಿಕದ ಮಾನವಶಾಸ್ತ್ರಜ್ಞ ಮೆರಿಲ್ ಸಿಂಗರ್. ಇಂಥ ಹೆಣಿಗೆಗೆ ಅವರು 'ಸಿಂಡೆಮಿಕ್' ಎಂದರು. ಹಿಂಸೆಗೂ ಸೋಂಕಿಗೂ ಇರುವ ನಂಟಿಗೆ ನಮ್ಮಲ್ಲೇ ಪುರಾವೆ ಸಿಕ್ಕಿತು. ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದ್ದ 28,139 ವಿವಾಹಿತೆಯರ ಮಾಹಿತಿಯನ್ನು ಸಂಶೋಧಕ ಜೇ ಸಿಲ್ವರ್‌ಮನ್ ಅವರ ತಂಡ 2008ರಲ್ಲಿ ವಿಶ್ಲೇಷಿಸಿತು. ಗಂಡನಿಂದ ಹೊಡೆತವನ್ನೂ ಲೈಂಗಿಕ ಬಲಾತ್ಕಾರವನ್ನೂ ಅನುಭವಿಸಿದವರಲ್ಲಿ ಸೋಂಕು ಶೇ 0.73, ಎರಡೂ ಇಲ್ಲದವರಲ್ಲಿ ಶೇ 0.19.

ಹೊಡೆತದಿಂದ ವೈರಾಣು ಹುಟ್ಟುವುದಿಲ್ಲವಲ್ಲ! ಹೊಡೆಯುವ ಗಂಡಂದಿರಲ್ಲೇ ಸೋಂಕು ಹೆಚ್ಚು ಎಂದು ಮುಂದಿನ ಅಧ್ಯಯನ ತೋರಿಸಿತು. ಬಲಾತ್ಕಾರದಲ್ಲಿ ಒಳಚರ್ಮ ಗಾಯಗೊಂಡು ವೈರಾಣುವಿಗೆ ದಾರಿಯಾಗುತ್ತದೆ. ಏಟಿಗೆ ಹೆದರಿದವಳು ಕಾಂಡೋಮ್ ಬಳಸು ಎಂದು ಹೇಳುವುದಾದರೂ ಹೇಗೆ? ಚುಚ್ಚಿಕೊಳ್ಳುವ ಮಾದಕ ವಸ್ತು ಸೇರಿದರೆ ಅಪಾಯ ಇನ್ನೂ ದೊಡ್ಡದು. ಸೋಂಕಿತರು ಬಳಸಿದ ಸೂಜಿಯನ್ನು ಹಂಚಿಕೊಂಡರೆ 10,000 ಸಲಕ್ಕೆ ಸುಮಾರು 63 ಸಲ ಸೋಂಕು ದಾಟುತ್ತದೆ. ಗಂಡಿನಿಂದ ಹೆಣ್ಣಿಗೆ ಅಸುರಕ್ಷಿತ ಸಂಭೋಗದಲ್ಲಿ ಸುಮಾರು 8 ಸಲ. ಜೋಡಿಯಾಗಿ ಚುಚ್ಚಿಕೊಳ್ಳುವಲ್ಲಿ ಅವನದು ಮುಗಿದ ಮೇಲೆ ಅದೇ ಸಿರಿಂಜು ಅವಳ ಕೈಗೆ ಬರುವುದೇ ಹೆಚ್ಚು. ನಮ್ಮ ಬಹುತೇಕ ಮನೆಗಳಲ್ಲಿ ಅಮಲೆಂದರೆ ಮದ್ಯ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ.

ಆದರೆ ಏಟಿನ ವಿಷಯ ಹೆಂಗಸರು ಹೇಳುತ್ತಾರೆಯೇ? ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಹಿಂದಿನ ವರ್ಷ ಹೊಡೆತ ಅಥವಾ ಅತ್ಯಾಚಾರ ಅನುಭವಿಸಿದ್ದಾಗಿ ಎದುರು ಕೂತು ಕೇಳಿದಾಗ ಹೇಳಿದವರು ಶೇ 11. ಹೆಸರಿಲ್ಲದೆ, ಮತ ಹಾಕುವಂತೆ ಚೀಟಿಯನ್ನು ಡಬ್ಬಿಗೆ ಹಾಕಿ ಉತ್ತರಿಸುವ ಸಮೀಕ್ಷೆಯಲ್ಲಿ ಶೇ 26! ಹೊಡೆತ ತಿಂದವರಲ್ಲಿ ಕಾಂಡೋಮ್ ಬಳಕೆ ಕಡಿಮೆಯಿತ್ತು. ಎಚ್‌ಐವಿ ತಡೆ ಕಾರ್ಯಕ್ರಮ ಹೆಚ್ಚು ತಲುಪಿದಂತೆ ಹಿಂಸೆಯೂ ಇಳಿಯಿತು ಎಂಬುದು ಅದರಲ್ಲಿನ ಸಮಾಧಾನದ ಸಂಗತಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಕಂಡ ಕರ್ನಾಟಕದ ವಿವಾಹಿತ ಮಹಿಳೆಯರು ಶೇ 44; ಅದೂ ಮುಖಾಮುಖಿ ಕೇಳಿದ ಲೆಕ್ಕ.

ನಮ್ಮ ಕಾನೂನು ಏಟಿನ ಈ ಭಯವನ್ನು ಬಲ್ಲದು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ, ಹೆಂಗಸಿಗೆ ಸೋಂಕಿರುವ ವಿಷಯ ತಿಳಿದರೆ ಅವಳ ಮೇಲೆ ಹಿಂಸೆಯಾದೀತೆಂಬ ಸಕಾರಣ ಅನುಮಾನವಿದ್ದರೆ ವೈದ್ಯರು ಸಂಗಾತಿಗೆ ತಿಳಿಸುವಂತಿಲ್ಲ. ಆ ಅನುಮಾನ ಬರಬೇಕಾದರೆ ಮೊದಲು ಕೇಳಬೇಕು: 'ಮನೆಯಲ್ಲಿ ಹೊಡೀತಾರೇನಮ್ಮಾ?' ಐಸಿಟಿಸಿ ಎಂಬ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ, ಗಂಡನನ್ನು ಹೊರಗೆ ಕೂರಿಸಿ, ಇದನ್ನು ಕಡ್ಡಾಯವಾಗಿ ಕೇಳಬೇಕೆಂಬುದು ನನ್ನ ಮತ.

ಬಲಾತ್ಕಾರವಾಗಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ. 28 ದಿನ ಮಾತ್ರೆ ತೆಗೆದುಕೊಂಡರೆ ಸೋಂಕನ್ನು ತಡೆಯಬಹುದು. ಬೇಗ ಶುರುವಾದಷ್ಟೂ ಒಳ್ಳೆಯದು. ಮಹಿಳಾ ಸಹಾಯವಾಣಿ 181, ಎಚ್‌ಐವಿ ಸಹಾಯವಾಣಿ 1097.