ಸಭೆಯನ್ನು ಸಂಜೆಗಿಡಿ

ನಮ್ಮ ಹಳ್ಳಿಗಳಲ್ಲಿ ಒಂದೊಂದಕ್ಕೂ ಒಂದು ಆರೋಗ್ಯ ಸಮಿತಿ ಇದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದು ಅದರ ಪೂರ್ತಿ ಹೆಸರು. ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯೆ ಅದರ ಅಧ್ಯಕ್ಷೆ, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಅಂಗನವಾಡಿ ಟೀಚರು, ಸ್ತ್ರೀಶಕ್ತಿ ಸಂಘದವರು, ಊರಿನ ನಾಲ್ಕು ಕೇರಿಯವರು ಸೇರಿ ಕನಿಷ್ಠ 15 ಜನ ಇರಬೇಕು, ಅದರಲ್ಲಿ ಅರ್ಧದಷ್ಟು ಹೆಂಗಸರಾಗಿರಬೇಕು. ತಿಂಗಳಿಗೊಮ್ಮೆ ಸೇರಬೇಕು. ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಮೇಲಿನವರು ಹೇಳುವುದಿಲ್ಲ, ಸಮಿತಿಯೇ ತೀರ್ಮಾನಿಸುತ್ತದೆ. ಇಷ್ಟೆಲ್ಲ ಇದ್ದರೂ ಅರಳಿಕಟ್ಟೆಯ ಮೇಲೆ ಕೂತವರನ್ನು ‘ನಿಮ್ಮೂರ ಸಮಿತಿಯಲ್ಲಿ ಯಾರ್ಯಾರಿದ್ದಾರೆ’ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಊರವರ ಬಾಯಲ್ಲಿ ನರ್ಸಮ್ಮ, ಹುಡುಗಿಯರ ಬಾಯಲ್ಲಿ ಸಿಸ್ಟ್ರು. ಹೊಸದುರ್ಗ, ಹೊಳಲ್ಕೆರೆ ಕಡೆಯ ಉಪಕೇಂದ್ರಗಳಲ್ಲಿ ನನ್ನ ಸರ್ವೀಸಿನ ಬಹುಪಾಲು ಕಳೆಯಿತು. ಇಂಥ ಸಮಿತಿಗಳು ಕೆಲಸ ಮಾಡಿದ್ದನ್ನೂ ನೋಡಿದ್ದೇನೆ, ಸಹಿಯ ಪುಸ್ತಕದಲ್ಲಿ ಮಾತ್ರ ಉಳಿದದ್ದನ್ನೂ ನೋಡಿದ್ದೇನೆ. ನನ್ನ ಅನುಭವದಲ್ಲಿ ವ್ಯತ್ಯಾಸ ದುಡ್ಡಿನದಲ್ಲ. ಸಭೆ ಯಾವ ಹೊತ್ತಿಗೆ, ಯಾರ ಕೇರಿಯಲ್ಲಿ ಕೂತಿತು, ಕೇಳಿದ್ದಕ್ಕೆ ಬಂದ ಉತ್ತರವನ್ನು ಯಾರಾದರೂ ಬರೆದಿಟ್ಟರೇ ಎನ್ನುವುದರದು.

ಚಿತ್ರದುರ್ಗಕ್ಕೆ ಈ ವಿಷಯದಲ್ಲಿ ಒಂದು ಇತಿಹಾಸವಿದೆ. 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಆಶಾ ಕಾರ್ಯಕರ್ತೆಯರು ಬಂದದ್ದು ಆಗಲೇ. ಆಸ್ಪತ್ರೆ ಹೇಗೆ ನಡೆಯುತ್ತಿದೆ ಎಂದು ಊರಿನವರೇ ಪರೀಕ್ಷೆ ಮಾಡಿ ಹೇಳಬೇಕು ಎಂಬ ಮಾತೂ ಆ ಅಭಿಯಾನದಲ್ಲಿತ್ತು. ಅದನ್ನು 2007ರಿಂದ 2009ರವರೆಗೆ ದೇಶದ ಒಂಬತ್ತು ರಾಜ್ಯಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ನಾಲ್ಕು ಜಿಲ್ಲೆ: ಚಾಮರಾಜನಗರ, ಗದಗ, ರಾಯಚೂರು ಮತ್ತು ನಮ್ಮ ಚಿತ್ರದುರ್ಗ. ಜಿಲ್ಲೆಗೆ ಮೂರು ತಾಲ್ಲೂಕು, ತಾಲ್ಲೂಕಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರ, ಒಂದು ಕೇಂದ್ರಕ್ಕೆ ಐದು ಹಳ್ಳಿ ಎಂದು ಮೊದಲ ಲೆಕ್ಕ. ಹಳ್ಳಿಗೊಂದು ಸಮಿತಿ, ಆರೋಗ್ಯ ಕೇಂದ್ರಕ್ಕೊಂದು, ತಾಲ್ಲೂಕಿಗೊಂದು, ಜಿಲ್ಲೆಗೊಂದು. ಅಬ್ದುಲ್ ನಜೀರ್ ಸಾಬರು 1980ರ ದಶಕದಲ್ಲಿ ಅಧಿಕಾರವನ್ನು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಇಳಿಸಿದ್ದನ್ನು ಕಂಡಿದ್ದ ಹಿರಿಯರಿಗೆ ಇದು ತೀರಾ ಅಪರಿಚಿತವಾಗಿರಲಿಲ್ಲ. ಆದರೆ ಡಾಕ್ಟರಿಗೆ ಅಂಕ ಕೊಡುವುದು ಮಾತ್ರ ಎಲ್ಲರಿಗೂ ಹೊಸದು.

ಅಂಕ ಎಂದರೆ ಬಣ್ಣ. ಚೆನ್ನಾಗಿದ್ದರೆ ಹಸಿರು, ಪರವಾಗಿಲ್ಲ ಎಂದರೆ ಹಳದಿ, ಕೆಟ್ಟದ್ದಕ್ಕೆ ಕೆಂಪು. ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಔಷಧಿ ಸಿಗುತ್ತದೋ ಇಲ್ಲವೋ, ದುಡ್ಡು ಕೇಳುತ್ತಾರೋ, ಕೀಳಾಗಿ ಮಾತಾಡುತ್ತಾರೋ, ಹೀಗೆ ಒಂದೊಂದಕ್ಕೂ ಒಂದು ಸಾಲು. ಓದು ಬಾರದವರಿಗೂ ದೂರದಿಂದ ಕಾಣಬೇಕೆಂದು ಬಣ್ಣ.

ಅಂಥ ಪಟ್ಟಿ ತುಂಬಿದ ಒಂದು ಸಭೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗನವಾಡಿಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿದ್ದರು. ನಾನು ಮಾಡುವ ಲಸಿಕೆ ಕೆಲಸಕ್ಕೆ ಹಸಿರು ಬಿತ್ತು. ಜನನಿ ಸುರಕ್ಷಾ ಯೋಜನೆಯ ಸಾಲಿಗೆ ಬಂದಾಗ ಗದ್ದಲ ಶುರುವಾಯಿತು. ಹಳ್ಳಿಯ ಬಡ ಬಾಣಂತಿ ಆಸ್ಪತ್ರೆಯಲ್ಲಿ ಹೆತ್ತರೆ 700 ರೂಪಾಯಿ ಸಿಗಬೇಕಿತ್ತು. ‘ದುಡ್ಡು ಬಂದೈತಲ್ಲ, ಹಳದಿ ಹಾಕ್ರಿ’ ಎಂದರು ಗಂಡಸರೊಬ್ಬರು. ಹಿಂದೆ ಗೋಡೆಗೊರಗಿ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ‘ಬಂದೈತೆ. ಹಸೀ ಮೈಯಾಗೆ ಕೂಸು ಕಟ್ಕಂಡು ನನ್ ಸೊಸೆ ಎಷ್ಟ್ ಸತಿ ಅಲೆದ್ಲು ಅಂಬೋದು ನಿಂಗೇನ್ ಗೊತ್ತಪ್ಪ? ಬಸ್ ಚಾರ್ಜ್‌ಗೆ ಎಷ್ಟೋಯ್ತು ಕೇಳ್ದೇನು? ಕೆಂಪ್ ಹಾಕು.’ ಕೆಂಪು ಹಾಕಿದರು. ಆ ಹೊತ್ತಿನವರೆಗೆ ನಮ್ಮ ಮಾಸಿಕ ವರದಿಯಲ್ಲಿ ಆ ಬಾಣಂತಿ ‘ಹಣ ಪಾವತಿಯಾಗಿದೆ’ ಎಂಬ ಕಾಲಮ್ಮಿನಲ್ಲಿದ್ದಳು. ವರದಿ ಸುಳ್ಳಲ್ಲ. ಆದರೆ ಅವಳು ಪಟ್ಟ ಪಾಡಿಗೆ ಅದರಲ್ಲಿ ಜಾಗವಿರಲಿಲ್ಲ. ಊರಿನವರನ್ನು ಕೇಳುವುದು ಏಕೆ ಬೇಕು ಎಂದು ಯಾರಾದರೂ ವಾದಿಸಿದರೆ ನಾನು ಈ ಒಂದು ಸಾಲನ್ನು ಹೇಳುತ್ತೇನೆ.

ಅದೇ ಸಭೆಯನ್ನು ಮೊದಲು ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದರು. ಬಂದವರು ಐದಾರು ಜನ, ಎಲ್ಲರೂ ಹೊಲಕ್ಕೆ ಹೋಗದಿದ್ದರೂ ನಡೆಯುವವರು. ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ದಾರಿಯಲ್ಲಿ ಸಿಕ್ಕಿ ಅಂದಳು: ‘ನೀವ್ ಕರೆಯೋ ಹೊತ್ನಾಗೆ ನಾವ್ ಹೊಲ್ದಾಗಿರ್ತೀವಿ ಸಿಸ್ಟ್ರೇ. ಸಂಜಿಗಿಡ್ರಿ, ರೊಟ್ಟಿ ತಟ್ಟಿಟ್ಟು ಬತ್ತೀವಿ.’ ಸಂಜೆಗಿಟ್ಟಾಗ ಅಂಗನವಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ಕಾರಿ ಸುತ್ತೋಲೆಗಳಲ್ಲಿ ಎಷ್ಟು ಜನ ಸದಸ್ಯರು, ಎಷ್ಟು ಹೆಂಗಸರು ಎಂದೆಲ್ಲ ಇರುತ್ತದೆ. ಸಭೆ ಎಷ್ಟು ಗಂಟೆಗೆ ಎನ್ನುವುದನ್ನು ಮಾತ್ರ ಕಚೇರಿಯ ಗಡಿಯಾರಕ್ಕೆ ಬಿಡುತ್ತಾರೆ. ನನಗಂತೂ ಅದೇ ಮೊದಲ ನಿಯಮವಾಗಬೇಕು ಅನ್ನಿಸುತ್ತದೆ.

ಹಳ್ಳಿಯ ಪಟ್ಟಿಗಳೆಲ್ಲ ಆಮೇಲೆ ಆರೋಗ್ಯ ಕೇಂದ್ರದ ಅಂಗಳಕ್ಕೆ ಬಂದವು. ಅದಕ್ಕೆ ಜನಸಂವಾದ ಎಂದು ಹೆಸರು. ಷಾಮಿಯಾನದ ಕೆಳಗೆ ಒಂದು ಕಡೆ ಡಾಕ್ಟರು, ತಾಲ್ಲೂಕಿನ ಅಧಿಕಾರಿಗಳು, ಇನ್ನೊಂದು ಕಡೆ ಊರಿನವರು. ಶುರುವಿನಲ್ಲಿ ಕೂಗಾಟವಾಗುತ್ತಿತ್ತು. ಡಾಕ್ಟರುಗಳು ಬೇಸರಪಟ್ಟುಕೊಂಡದ್ದೂ ಉಂಟು, ಅದರಲ್ಲಿ ಅವರದೇ ತಪ್ಪು ಎನ್ನಲಾರೆ. ಲೆಕ್ಕದ ಪ್ರಕಾರ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಒಬ್ಬರೇ ಡಾಕ್ಟರು, ಲ್ಯಾಬ್ ಟೆಕ್ನೀಷಿಯನ್ ಹುದ್ದೆ ಖಾಲಿ, ಮೀಟಿಂಗಿಗೆ ದುರ್ಗಕ್ಕೆ ಹೋದ ದಿನ ಬಾಗಿಲು ಹಾಕಬೇಕು. ಸಂವಾದ ಚೆನ್ನಾಗಿ ನಡೆದ ಕಡೆ ಇದು ಊರಿನವರಿಗೆ ಗೊತ್ತಾಯಿತು. ಖಾಲಿ ಹುದ್ದೆ ತುಂಬಿ ಎಂದು ಊರಿನವರೇ ಅರ್ಜಿ ಹಿಡಿದು ಹೊರಟರು. ಡಾಕ್ಟರು ಹತ್ತು ಸಲ ಬರೆದರೆ ಅಲುಗದ ಕಡತಕ್ಕೆ ಐದು ಊರಿನ ಸಹಿ ಬಿದ್ದರೆ ಕಾಲು ಬರುತ್ತದೆ.

ಈಗ ನಮ್ಮ ಆರು ತಾಲ್ಲೂಕಿನ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಕೂತು ‘ಚಿತ್ರದುರ್ಗ ಜಿಲ್ಲೆಗೆ ಏನು ಬೇಕು’ ಎಂದು ಒಂದೇ ಉತ್ತರ ಬರೆಯಲು ಬರುವುದಿಲ್ಲ. ಹಿರಿಯೂರಿನಲ್ಲಿ 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರವಿದೆ. ಆದರೂ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಕೊಳವೆಬಾವಿಯ ನೀರನ್ನೇ ಕುಡಿದು ಬೆಳೆದವು. ಆ ನೀರಿನಲ್ಲಿ ಫ್ಲೋರೈಡ್. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ, ನಡುವಯಸ್ಸಿಗೇ ಮಂಡಿ ಮಡಚಲಾಗದಿದ್ದರೆ ಅದಕ್ಕೆ ನಮ್ಮ ಉಪಕೇಂದ್ರದ ಮಾತ್ರೆ ಮದ್ದಲ್ಲ, ನಲ್ಲಿಯೇ ಮದ್ದು. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಅದನ್ನು ಆರೋಗ್ಯ ಸಮಿತಿಯ ಸಭೆಯಲ್ಲಿ ಎತ್ತಬೇಕು. ‘ಅದು ನೀರಿನ ಇಲಾಖೆ ವಿಷಯ’ ಎಂದು ಬಿಡುವಂತಿಲ್ಲ.

ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳ ಕಷ್ಟ ಬೇರೆ. ಕಾಫಿ ಕೊಯ್ಲಿನ ಕಾಲಕ್ಕೆ ಸಂಸಾರ ಸಮೇತ ಘಟ್ಟದ ಕಡೆ ಹೊರಟುಬಿಡುತ್ತಾರೆ. ಕೂಸಿಗೆ ಲಸಿಕೆಯ ತಾರೀಖು ಬಂದಾಗ ಮನೆಗೆ ಬೀಗ. ತಾಂಡಾದವರು ಸಮಿತಿಯಲ್ಲಿದ್ದ ಕಡೆ ಹೊರಡುವ ವಾರ ಮೊದಲೇ ಹೇಳುತ್ತಿದ್ದರು, ನಾವು ತಾಯಿ ಕಾರ್ಡನ್ನು ಕೈಗೆ ಕೊಟ್ಟು, ‘ಅಲ್ಲಿನ ಸಿಸ್ಟ್ರಿಗೆ ತೋರ್ಸವ್ವ’ ಎಂದು ಹೇಳಿ ಕಳಿಸುತ್ತಿದ್ದೆವು.

ಹಟ್ಟಿಗಳ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. 2023ರ ಜುಲೈನಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಒಂದು ಹಟ್ಟಿಯಲ್ಲಿ ಊರಾಚೆಯ ಗುಡಿಸಲಿನಲ್ಲಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಅಧಿಕಾರಿಗಳು ಜೀಪಿನಲ್ಲಿ ಬಂದು ಕಾನೂನು ಹೇಳಿದರೆ ಹಟ್ಟಿಯವರು ತಲೆಯಾಡಿಸಿ ಕಳಿಸುತ್ತಾರೆ. ಹಟ್ಟಿಯ ಹಿರಿಯಳೊಬ್ಬಳು ‘ನನ್ ಮೊಮ್ಮಗಳನ್ನ ನಾನ್ ಹೊರಗಿಡಾಕಿಲ್ಲ’ ಎಂದು ಸಮಿತಿಯಲ್ಲಿ ಬಾಯಿಬಿಟ್ಟು ಹೇಳಿದಾಗ ಉಳಿದವರು ಸುಮ್ಮನೆ ಕೂತು ಕೇಳಿದ್ದನ್ನು ನಾನು ಕಂಡಿದ್ದೇನೆ. ಎಲ್ಲ ಮನೆಗಳೂ ಅವತ್ತೇ ಬದಲಾಗಲಿಲ್ಲ. ಆದರೆ ಆ ಮಾತು ಹೊರಗಿನಿಂದ ಬಂದದ್ದಲ್ಲವಾದ್ದರಿಂದ ಅದನ್ನು ತಳ್ಳಿಹಾಕಲು ಯಾರಿಗೂ ಆಗಲಿಲ್ಲ.

ಪಟ್ಟಣದ ಕೇರಿಗಳಿಗೂ ಇದು ಬೇಕು. 2023ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಅದು ದಲಿತರ ಕೇರಿ, ಜಿಲ್ಲಾ ಕೇಂದ್ರಕ್ಕೇ ಸೇರಿದ್ದು. ನಗರಗಳ ಬಡಾವಣೆಗಳಿಗೆಂದೇ 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು ಎಂದು ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 2013ರಿಂದ ಹೇಳುತ್ತಿದೆ, ವರ್ಷಕ್ಕೆ 5,000 ರೂಪಾಯಿಯನ್ನೂ ಇಟ್ಟಿದೆ. ನೀರು ವಾಸನೆ ಬಂದದ್ದು, ಬಣ್ಣ ತಿರುಗಿದ್ದು ಮೊದಲು ಗೊತ್ತಾಗುವುದು ಬಿಂದಿಗೆ ಹಿಡಿಯುವ ಹೆಂಗಸಿಗೆ. ಅವಳು ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನದೊಳಗೆ ವಾಲ್ವ್ ತಿರುಗಿಸುವವನಿಗೂ ಆಸ್ಪತ್ರೆಗೂ ಮುಟ್ಟುವ ದಾರಿ ಇರಬೇಕು. ಕವಾಡಿಗರಹಟ್ಟಿಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೇ ಬರುತ್ತವೆ.

ಬೇರೆ ದೇಶಗಳಲ್ಲೂ ಇಂಥ ಸಮಿತಿಗಳಿವೆ, ಕೆಲವು ನಮಗಿಂತ ಗಟ್ಟಿಯಾಗಿವೆ. ಬ್ರೆಜಿಲ್ 1990ರಲ್ಲಿ ಮಾಡಿದ ಕಾನೂನಿನ ಪ್ರಕಾರ ಅಲ್ಲಿನ ಆರೋಗ್ಯ ಮಂಡಳಿಗಳಲ್ಲಿ ಅರ್ಧ ಸ್ಥಾನ ಚಿಕಿತ್ಸೆ ಪಡೆಯುವ ಜನರದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2012ರಿಂದ ಬಡವರ ಆರೋಗ್ಯ ವಿಮೆ ನಡೆಸುವ ಪ್ರತಿ ಪ್ರಾದೇಶಿಕ ಸಂಸ್ಥೆಗೂ ಸಮುದಾಯದ ಸಲಹಾ ಮಂಡಳಿ ಇರಲೇಬೇಕು, ಅದರಲ್ಲಿ ಆ ವಿಮೆಯಲ್ಲಿರುವವರೇ ಹೆಚ್ಚಿನವರಾಗಿರಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರು ಅಧ್ಯಕ್ಷರು. ಅದರಿಂದ ಕೆಲಸ ಬೇಗ ಆಗುವುದೂ ಉಂಟು. ಆದರೆ ಶಾಸಕರ ಎದುರು ಕೂತು ‘ಹೆರಿಗೆ ವಾರ್ಡಿನಲ್ಲಿ ದುಡ್ಡು ಕೇಳಿದರು’ ಎನ್ನುವ ಧೈರ್ಯ ಎಷ್ಟು ಬಾಣಂತಿಯರಿಗಿದೆ? ಆ ಸಮಿತಿಯಲ್ಲಿ ಕಳೆದ ವರ್ಷ ಆ ಆಸ್ಪತ್ರೆಯಲ್ಲೇ ಹೆತ್ತ ಇಬ್ಬರು ತಾಯಂದಿರಾದರೂ ಇರಲಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ.

ಈಗ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅವಕ್ಕೆ ಜನ ಆರೋಗ್ಯ ಸಮಿತಿ ಬಂದಿದೆ. ಗ್ರಾಮ ಪಂಚಾಯಿತಿ ಅಧ್ಯಕ್ಷರು ಅದರ ಅಧ್ಯಕ್ಷರು, ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ಅಲ್ಲೇ ಸಿಗಬೇಕು. ಸಿಗದಿದ್ದರೆ ಕೇಳಬೇಕಾದ ಜಾಗ ಈ ಸಮಿತಿ. ಸಭೆಯ ನಡಾವಳಿ ಪುಸ್ತಕವನ್ನು ಯಾರು ಬೇಕಾದರೂ ನೋಡಲು ಕೇಳಬಹುದು, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು.

ಇನ್ನೊಂದು ದಾರಿಯತ್ತ ನಮ್ಮ ಸಮಿತಿಗಳು ಇನ್ನೂ ಸರಿಯಾಗಿ ನೋಡಿಲ್ಲ. ಭೀಮಸಮುದ್ರದ ಸುತ್ತ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ಅದಿರು ತೆಗೆಯುತ್ತಾರೆ. ಲಾರಿ ಓಡಾಡುವ ರಸ್ತೆಯ ಊರುಗಳಲ್ಲಿ ಅಡಿಕೆ ಸೋಗೆಯೂ ಕೆಂಪು, ಒಣಹಾಕಿದ ಬಟ್ಟೆಯೂ ಕೆಂಪು, ಕೆಮ್ಮು ಮುಗಿಯುವುದಿಲ್ಲ. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆಂದೇ 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಅದರ ಹಣದ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯದಂಥ ಕೆಲಸಗಳಿಗೆ ಹೋಗಬೇಕು. ಹಳ್ಳಿಯ ಸಮಿತಿಯ 10,000 ರೂಪಾಯಿಯಲ್ಲಿ ಚರಂಡಿ ತೆಗೆಸಬಹುದು, ಬ್ಲೀಚಿಂಗ್ ಪೌಡರ್ ತರಬಹುದು, ಶ್ವಾಸಕೋಶದ ತಪಾಸಣೆ ಮಾಡಿಸಲಾಗುವುದಿಲ್ಲ. ಅದಕ್ಕೆ ಖನಿಜ ಪ್ರತಿಷ್ಠಾನದ ಹಣವೇ ಬೇಕು. ಯಾವ ಮನೆಯಲ್ಲಿ ಯಾರು ಎಷ್ಟು ತಿಂಗಳಿಂದ ಕೆಮ್ಮುತ್ತಿದ್ದಾರೆ ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ. ಯಾರ ಹೆಸರನ್ನೂ ಸಭೆಯಲ್ಲಿ ಓದದೆ, ಕೇರಿವಾರು ಲೆಕ್ಕ ಮಾತ್ರ ತೆಗೆದು, ಸಮಿತಿಯ ನಡಾವಳಿಯಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಜಿಲ್ಲಾಡಳಿತಕ್ಕೆ ಕೊಡಿ. ಸ್ವೀಕೃತಿಗೆ ಸೀಲು ಹಾಕಿಸಿಕೊಂಡ ಪ್ರತಿಯನ್ನು ಮುಂದಿನ ಸಭೆಗೆ ತನ್ನಿ.