ಯುದ್ಧದ ನೆರಳಿನಲ್ಲಿ ಒಂದು ಆಟ

ಲೋಕವೇ ಹೊತ್ತಿ ಉರಿಯುತ್ತಿರುವಾಗ ಆಟವಾಡುವುದು ತರವೇ? 1943ರಲ್ಲಿ ಅಮೆರಿಕದ ಕಾಲೇಜುಗಳನ್ನು ಈ ಪ್ರಶ್ನೆ ಕಾಡಿತ್ತು. ಇಟಲಿಯ ಬೆಟ್ಟಗಳಲ್ಲಿಯೂ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಇಪ್ಪತ್ತರ ಹರೆಯದವರು ಪ್ರಾಣ ತೆರುತ್ತಿದ್ದ ದಿನಗಳವು. ಅದೇ ವಯಸ್ಸಿನ ಇತರರು ಶನಿವಾರ ಮಧ್ಯಾಹ್ನ ಚೆಂಡಿಗಾಗಿ ಸೆಣಸುವುದು, ಸಾವಿರಾರು ಜನ ಅದನ್ನು ನೋಡಿ ಕೇಕೆ ಹಾಕುವುದು ಅನೇಕರಿಗೆ ಸರಿಕಾಣಲಿಲ್ಲ. ಹಲವು ಕಾಲೇಜುಗಳು ಆ ವರ್ಷ ತಂಡವನ್ನೇ ಕಟ್ಟಲಿಲ್ಲ. ಕಟ್ಟಿದವುಗಳಲ್ಲಿ ಅಗ್ರಸ್ಥಾನಕ್ಕೇರಿದ್ದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಬಳಿಯಿರುವ ನೋಟ್ರ ಡೇಮ್ ವಿಶ್ವವಿದ್ಯಾಲಯ. ಫ್ರೆಂಚ್ ಭಾಷೆಯ ಈ ಹೆಸರಿಗೆ 'ನಮ್ಮ ಮಾತೆ' ಎಂದರ್ಥ. ಪವಿತ್ರ ಶಿಲುಬೆಯ ಸಭೆಯ ವಂದನೀಯ ಎಡ್ವರ್ಡ್ ಸೋರಿನ್ ಸ್ವಾಮಿಯವರು 1842ರಲ್ಲಿ ಸ್ಥಾಪಿಸಿದ ಕಥೋಲಿಕ ಸಂಸ್ಥೆಯಿದು.

ಅಮೆರಿಕದವರ ಫುಟ್‌ಬಾಲ್ ನಾವು ಕಂಡ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಕೈಯಿಂದ ದೂರಕ್ಕೆ ಎಸೆಯುವ, ಎದುರಾಳಿಯನ್ನು ಕೆಡವುವ ಆಟ ಅದು. ಚೆಂಡನ್ನು ಪಡೆದು, ತಾನೇ ಓಡಬೇಕೋ ಯಾರಿಗೆ ಕೊಡಬೇಕೋ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ತಂಡದ ಬುದ್ಧಿಯೂ ಕೈಯೂ ಅವನೇ. ಆ ವರ್ಷ ನೋಟ್ರ ಡೇಮ್‌ಗೆ ಆ ಸ್ಥಾನದಲ್ಲಿದ್ದವನು ಏಂಜೆಲೊ ಬರ್ಟೆಲ್ಲಿ, ಇಟಲಿ ಮೂಲದ ಕುಟುಂಬದ ಹುಡುಗ.

ಯುದ್ಧಕಾಲದಲ್ಲಿ ತಂಡ ಕಟ್ಟಲು ಹುಡುಗರೆಲ್ಲಿಂದ ಬಂದರು? ಇದಕ್ಕೆ ಉತ್ತರ ಸರ್ಕಾರದ ಒಂದು ಯೋಜನೆಯಲ್ಲಿದೆ. 1943ರ ಜುಲೈ 1ರಂದು ಅಮೆರಿಕದ ನೌಕಾಪಡೆ ವಿ-12 ಎಂಬ ತರಬೇತಿಯನ್ನು 131 ಕಾಲೇಜುಗಳಲ್ಲಿ ಆರಂಭಿಸಿತು. ಭಾವೀ ಅಧಿಕಾರಿಗಳು ಸಮವಸ್ತ್ರ ಧರಿಸಿ ಕಾಲೇಜಿನಲ್ಲಿಯೇ ಓದಬೇಕು, ಕರೆ ಬಂದ ದಿನ ಹೊರಡಬೇಕು. ಭೂಸೇನೆ ಕಾಲೇಜುಗಳಲ್ಲಿದ್ದ ತನ್ನ ಶಿಕ್ಷಾರ್ಥಿಗಳಿಗೆ ಅಂತರ್ ಕಾಲೇಜು ಆಟಗಳನ್ನು ನಿಷೇಧಿಸಿತು, ನೌಕಾಪಡೆ ಅನುಮತಿಯಿತ್ತಿತು. ಹೀಗಾಗಿ ನೌಕಾಪಡೆಯ ಶಿಬಿರವಿದ್ದ ಕಾಲೇಜುಗಳಿಗೆ ಬಲ ಬಂತು, ಉಳಿದವು ಸೊರಗಿದವು. ನೋಟ್ರ ಡೇಮ್ ನೌಕಾಪಡೆಯ ದೊಡ್ಡ ತರಬೇತಿ ಕೇಂದ್ರವೇ ಆಗಿತ್ತು. ಅಧ್ಯಕ್ಷರಾಗಿದ್ದ ವಂದನೀಯ ಹ್ಯೂ ಓಡಾನೆಲ್ ಸ್ವಾಮಿಯವರು ಯೌವನದಲ್ಲಿ ತಾವೇ ಆ ತಂಡದಲ್ಲಿ ಆಡಿದವರು. ಅವರಿಗೆ ಆಟದ ಬೆಲೆ ಗೊತ್ತಿತ್ತು.

ಆದರೆ ಈ ಏರ್ಪಾಡಿನಲ್ಲಿ ನ್ಯಾಯವಿತ್ತೆಂದು ಹೇಳಲಾರೆ. ವಿಸ್ಕಾನ್ಸಿನ್ ಕಾಲೇಜಿನ ಖ್ಯಾತ ಆಟಗಾರ ಎಲ್ರಾಯ್ ಹಿರ್ಷ್‌ನನ್ನು ಸೇನೆ ಮಿಷಿಗನ್ ಕಾಲೇಜಿಗೆ ಕಳುಹಿಸಿತು; ಅವನು ಆ ವರ್ಷ ಮಿಷಿಗನ್ ಪರ ಆಡಿದ. ಇಲಿನಾಯ್‌ನ ಜೂಲಿಯಸ್ ರೈಕೋವಿಚ್ ನೋಟ್ರ ಡೇಮ್‌ನ ಅಂಗಿ ತೊಟ್ಟ. ಅಕ್ಟೋಬರ್ 16ರಂದು ನೋಟ್ರ ಡೇಮ್ ವಿಸ್ಕಾನ್ಸಿನ್ ಅನ್ನು 50-0 ಅಂಕಗಳಿಂದಲೂ ಮುಂದಿನ ವಾರ ಇಲಿನಾಯ್ ಅನ್ನು 47-0 ಅಂಕಗಳಿಂದಲೂ ಸೋಲಿಸಿತು. ಬರಿದಾದ ಮನೆಯನ್ನು ಗೆದ್ದಂಥ ಈ ಗೆಲುವುಗಳನ್ನು ನಾನು ಹೆಚ್ಚೆಂದು ಎಣಿಸುವುದಿಲ್ಲ. ಅದಕ್ಕೂ ಮುನ್ನ ಬಲಿಷ್ಠ ಮಿಷಿಗನ್ ಅನ್ನು ಅದರದೇ ಅಂಗಳದಲ್ಲಿ 35-12ರಿಂದ ಮಣಿಸಿದ್ದು ಮಾತ್ರ ನಿಜವಾದ ಗೆಲುವು.

ಅಕ್ಟೋಬರ್ 30ರಂದು ನೌಕಾಪಡೆಯ ಅಕಾಡೆಮಿಯ ವಿರುದ್ಧ 33-6ರ ಜಯ. ಅದು ಆರನೆಯ ಪಂದ್ಯ, ಬರ್ಟೆಲ್ಲಿಯ ಕೊನೆಯದು. ಆರು ಪಂದ್ಯಗಳಲ್ಲಿ ಅವನು ಎಸೆದದ್ದು 36 ಬಾರಿ. 25 ಎಸೆತಗಳು ಗೆಳೆಯರ ಕೈ ಸೇರಿದ್ದವು, ಅವುಗಳಲ್ಲಿ ಹತ್ತು ನೇರವಾಗಿ ಅಂಕ ತಂದಿದ್ದವು. ಇನ್ನೂ ನಾಲ್ಕು ಪಂದ್ಯಗಳು ಉಳಿದಿದ್ದವು. ಆದರೆ ಮರೀನ್ ದಳದ ಕರೆ ಕಾಯುವಂತಿರಲಿಲ್ಲ. ಅವನು ಚೆಂಡನ್ನು ಕೆಳಗಿಟ್ಟು ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್ ಶಿಬಿರಕ್ಕೆ ಹೊರಟುಹೋದ.

ಅವನ ಸ್ಥಾನಕ್ಕೆ ಬಂದವನು ಹದಿನೆಂಟು ವರ್ಷದ ಜಾನಿ ಲೂಜಾಕ್. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಸೇರುವ ಅವಕಾಶವನ್ನು ಬಿಟ್ಟು ನೋಟ್ರ ಡೇಮ್‌ಗೆ ಬಂದಿದ್ದ ಹುಡುಗ. ಅವನ ಮೊದಲ ಪರೀಕ್ಷೆ ಅದೇ ವೆಸ್ಟ್ ಪಾಯಿಂಟ್ ತಂಡದ ಎದುರು, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ! ಅವನ ಎರಡು ಎಸೆತಗಳು ಅಂಕ ತಂದವು. ಒಮ್ಮೆ ತಾನೇ ಗೆರೆ ದಾಟಿದ. ಎದುರಾಳಿಯ ಎಸೆತವೊಂದನ್ನೂ ಹಿಡಿದ. ನೋಟ್ರ ಡೇಮ್ 26, ವೆಸ್ಟ್ ಪಾಯಿಂಟ್ 0.

ಸಂತ ತೋಮಸ್ ಅಕ್ವಿನಾಸರು ಆಟವಿನೋದಗಳ ಕುರಿತು ಬರೆಯುವಾಗ ಪ್ರೇಷಿತ ಸಂತ ಯೊವಾನ್ನರ ಒಂದು ಕಥೆಯನ್ನು ನೆನೆಯುತ್ತಾರೆ. ಶಿಷ್ಯರೊಡನೆ ವಿನೋದದಲ್ಲಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಗೊಂಡರಂತೆ. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಬಾಣ ಬಿಡಲು ಹೇಳಿದರು. ಅವನು ಹಲವು ಬಾರಿ ಬಿಟ್ಟ ಮೇಲೆ, ಎಡೆಬಿಡದೆ ಹೀಗೆಯೇ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲೇ ಮುರಿದೀತು ಎಂದನಂತೆ ಅವನು. ಮನಸ್ಸೂ ಹಾಗೆಯೇ, ಹೆದೆ ಸಡಿಲಿಸದಿದ್ದರೆ ಮುರಿಯುತ್ತದೆ ಎಂಬುದು ಯೊವಾನ್ನರ ಉತ್ತರ. ಗುರುಮಠದಲ್ಲಿ ಈ ಭಾಗವನ್ನು ಓದಿದಾಗ ನನಗೆ ಅದು ಸುಲಭವಾಗಿ ಒಪ್ಪಿಗೆಯಾಗಿತ್ತು. ಆದರೆ 1943ರ ನವೆಂಬರ್ 20ರ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ ಅಷ್ಟು ಸುಲಭವಲ್ಲ. ಅಂದು ಸೌತ್ ಬೆಂಡ್‌ನಲ್ಲಿ ನೋಟ್ರ ಡೇಮ್ ತಂಡ ನೌಕಾ ವೈಮಾನಿಕರ ಶಿಬಿರವಾದ ಅಯೋವಾ ಪ್ರಿಫ್ಲೈಟ್ ತಂಡವನ್ನು 14-13ರಿಂದ, ಒಂದೇ ಅಂಕದ ಅಂತರದಿಂದ ಗೆದ್ದು ಕುಣಿಯಿತು. ಅದೇ ಹೊತ್ತಿನಲ್ಲಿ ಪೆಸಿಫಿಕ್‌ನ ತರಾವಾ ದ್ವೀಪದಲ್ಲಿ ಅಮೆರಿಕದ ಮರೀನ್ ದಳದವರು ಗುಂಡಿನ ಮಳೆಯಲ್ಲಿದ್ದರು. ನಾಲ್ಕು ದಿನ ಮುಗಿಯುವುದರೊಳಗೆ ಅವರಲ್ಲಿ ಸುಮಾರು ಒಂದು ಸಾವಿರ ಮಂದಿ ಮಡಿದಿದ್ದರು. ಬರ್ಟೆಲ್ಲಿ ತರಬೇತಿ ಪಡೆಯುತ್ತಿದ್ದುದು ಇಂಥ ದಡಗಳಲ್ಲಿ ಇಳಿಯುವುದಕ್ಕಾಗಿಯೇ. ಬಿಲ್ಲನ್ನು ಸಡಿಲಿಸಿದ್ದು ಮತ್ತೆ ಬಿಗಿಯುವುದಕ್ಕೆ ಎಂಬುದು ಆ ಅಂಗಳದಲ್ಲಿದ್ದ ಪ್ರತಿಯೊಬ್ಬ ಹುಡುಗನಿಗೂ ತಿಳಿದಿತ್ತು. ನೋಡಲು ಬಂದ ಜನರಿಗೆ ತಿಳಿದಿತ್ತೋ ಇಲ್ಲವೋ.

ನವೆಂಬರ್ 27, ಕೊನೆಯ ಪಂದ್ಯ. ಎದುರಾಳಿ ಷಿಕಾಗೊ ಸಮೀಪದ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರ. ನೋಟ್ರ ಡೇಮ್ ಮುಂದಿತ್ತು. ಕೊನೆಯ ನಿಮಿಷದಲ್ಲಿ ಗ್ರೇಟ್ ಲೇಕ್ಸ್‌ನ ಒಂದು ನೀಳ ಎಸೆತ ಎಲ್ಲವನ್ನೂ ತಲೆಕೆಳಗು ಮಾಡಿತು: 19-14. ಆ ಗೆದ್ದ ತಂಡದಲ್ಲಿ ಎಮಿಲ್ ಸಿಟ್ಕೊ ಎಂಬ ನಾವಿಕನಿದ್ದ. ಹಿಂದಿನ ವರ್ಷವಷ್ಟೇ ನೋಟ್ರ ಡೇಮ್‌ಗೆ ವಿದ್ಯಾರ್ಥಿಯಾಗಿ ಬಂದಿದ್ದವನು! ಬರ್ಟೆಲ್ಲಿ ಈ ಸೋಲನ್ನು ಪ್ಯಾರಿಸ್ ಐಲೆಂಡ್‌ನಲ್ಲಿ ರೇಡಿಯೋ ಮುಂದೆ ಕುಳಿತು ಕೇಳಿದ. ಸೋತರೂ, ಪತ್ರಕರ್ತರ ಮತಗಣನೆಯಲ್ಲಿ ನೋಟ್ರ ಡೇಮ್‌ಗೇ ಪ್ರಥಮ ಸ್ಥಾನ ದೊರೆಯಿತು. ಎರಡು, ಮೂರು, ನಾಲ್ಕನೆಯ ಸ್ಥಾನ ಪಡೆದ ಮೂರೂ ತಂಡಗಳನ್ನು ಅದು ಸೋಲಿಸಿತ್ತಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ, ನಾಲ್ಕು ಪಂದ್ಯಗಳಲ್ಲಿ ಇಲ್ಲದಿದ್ದ ಬರ್ಟೆಲ್ಲಿಗೆ ಸಂದಿತು.

ಮರುವರ್ಷ ತರಬೇತುದಾರ ಫ್ರಾಂಕ್ ಲೀಹಿಯವರೂ ನೌಕಾಪಡೆ ಸೇರಿದರು. ಚಾಂಪಿಯನ್ನರ ತಂಡ ಚದುರಿಹೋಯಿತು. 1944ರಲ್ಲಿ ಅದೇ ವೆಸ್ಟ್ ಪಾಯಿಂಟ್ ತಂಡ ಅವರನ್ನು 59-0 ಅಂಕಗಳಿಂದ ಹೊಸಕಿ ಹಾಕಿತು. ಬರ್ಟೆಲ್ಲಿ ಗುವಾಮ್ ಮತ್ತು ಇವೊ ಜಿಮಾ ದ್ವೀಪಗಳಲ್ಲಿ ಕಾದಾಡಿ, ಗಾಯಗೊಂಡು, ಜೀವಸಹಿತ ಮರಳಿದ. ಲೂಜಾಕ್ ಇಂಗ್ಲಿಷ್ ಕಾಲುವೆಯಲ್ಲಿ ಜಲಾಂತರ್ಗಾಮಿಗಳನ್ನು ಬೇಟೆಯಾಡುವ ಹಡಗಿನಲ್ಲಿದ್ದ. 1946ರಲ್ಲಿ ಅವನು ಕಾಲೇಜಿಗೆ ಹಿಂದಿರುಗಿದಾಗ ಸಿಟ್ಕೊ ಕೂಡ ಅಲ್ಲಿಗೆ ಮರಳಿದ್ದ. ಆ ವರ್ಷ ನೋಟ್ರ ಡೇಮ್ ಮತ್ತೆ ಅಗ್ರಸ್ಥಾನಕ್ಕೇರಿತು. ಲೂಜಾಕ್ ಚೆಂಡನ್ನು ಕೊಡುತ್ತಿದ್ದ. ಸಿಟ್ಕೊ ಅದನ್ನು ಹೊತ್ತು ಓಡುತ್ತಿದ್ದ.